ಸಾಹೇಬರ ಕೈಗೆ ಚೆಂಡು

ನಾನು ಟೆನಿಸ್ ಬ್ಯಾಟು ಮೊದಲ ಸಲ ಹಿಡಿದಾಗ ನನಗೆ ಮೂವತ್ತೈದು ವರ್ಷ ತುಂಬಿತ್ತು. ಆ ವಯಸ್ಸಿಗೆ ನಮ್ಮ ಕಡೆಯ ಗಂಡಸರು ಆಟ ಬಿಟ್ಟು ಇಪ್ಪತ್ತು ವರ್ಷವಾಗಿರುತ್ತದೆ. ಆಗ ನಾನು ಲಿಂಗಸುಗೂರಿನ ಮುನ್ಸೀಫ್ ಕೋರ್ಟಿನಲ್ಲಿ ಅಹಲ್ಕಾರನಾಗಿದ್ದೆ. ತೀರ್ಪುಗಳನ್ನು, ಸಾಕ್ಷಿಗಳ ಹೇಳಿಕೆಗಳನ್ನು ಉರ್ದುವಿನಲ್ಲಿ ನಕಲು ಮಾಡಿಕೊಡುವುದು ನನ್ನ ಕೆಲಸ. ನಿಜಾಮರ ಸರಕಾರ, ಹೊರಗೆ ದೊಡ್ಡ ಯುದ್ಧ. ಸೀಮೆಎಣ್ಣೆ ಸಿಗುವುದು ಕಷ್ಟವಾಗಿತ್ತು. ಆದರೆ ನಕಲಿನ ಕೆಲಸಕ್ಕೆ ಯುದ್ಧದಿಂದ ಯಾವ ಅಡ್ಡಿಯೂ ಬಂದಿರಲಿಲ್ಲ.

ನನ್ನ ತಂದೆ ಸಿಂಧನೂರಿನಲ್ಲಿ ಶಾಲಾ ಮಾಸ್ತರರಾಗಿದ್ದರು. ಏಳುವುದಕ್ಕೆ, ಮೀಯುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ಮನೆಯಲ್ಲಿ ಗಂಟೆ ಕಟ್ಟಿಟ್ಟಿದ್ದರು. ಅವರು ಹೋದ ಮೇಲೂ ಅದು ನನ್ನನ್ನು ಬಿಡಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ತಣ್ಣೀರು ಸ್ನಾನ, ವಿಭೂತಿ ಹಚ್ಚಿ ಅರ್ಧ ತಾಸು ಪೂಜೆ, ನಂತರ ನಾನೇ ಬಡಿದ ಎರಡು ರೊಟ್ಟಿ. ಹತ್ತಕ್ಕೆ ಐದು ನಿಮಿಷ ಇರುವಾಗ ಕಚೇರಿಯ ಮೆಟ್ಟಿಲು. ನಾಲ್ಕೂವರೆಗೆ ಮಸಿಬುಡ್ಡಿ ಮುಚ್ಚಿ ಏಳುವುದು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು ಮಸ್ಕಿಯಲ್ಲಿ ಅವಳ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಹೀಗಾಗಿ ನನ್ನ ದಿನದಲ್ಲಿ ಗಂಟೆ ಕಟ್ಟಿಡದ ಹೊತ್ತು ಒಂದೇ ಒಂದು ಉಳಿದಿತ್ತು. ಅದು ಸಂಜೆ ಐದರಿಂದ ಆರರವರೆಗಿನದು. ಹೆಂಡತಿ ಇದ್ದಾಗ ಆ ಹೊತ್ತಿಗೆ ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಅವಳು ಹೋದ ಮೇಲೆ ನಾನು ಕೀಲಿ ತೆಗೆದು ಒಳಗೆ ಹೋಗುವುದು, ಟೋಪಿ ಗೂಟಕ್ಕೆ ಹಾಕುವುದು, ಮತ್ತೆ ಹೊರಗೆ ಬರುವುದು. ಮಾಡಲು ಬೇರೆ ಏನೂ ಇರುತ್ತಿರಲಿಲ್ಲ.

ಆ ವರ್ಷ ಹೊಸದಾಗಿ ಬಂದ ಮುನ್ಸೀಫ್ ಸಾಹೇಬರು ಭಾರಿ ಮೈಯವರು. ದಿನಾಲು ಬೆವರು ಹರಿಸದಿದ್ದರೆ ಎದೆಗೆ ಪೆಟ್ಟು ಎಂದು ಸರಕಾರಿ ದವಾಖಾನೆಯ ಡಾಕ್ಟರು ಅವರಿಗೆ ಹೇಳಿದ್ದರು. ಅಧಿಕಾರಿಗಳ ಕ್ಲಬ್ಬಿನಲ್ಲಿ ಒಂದು ಟೆನಿಸ್ ಅಂಗಳ ಇತ್ತು. ಆದರೆ ತಹಸೀಲ್ದಾರರು, ಅಮೀನರು, ಅಬಕಾರಿಯವರು ತಿಂಗಳಲ್ಲಿ ಇಪ್ಪತ್ತು ದಿನ ದೌರೆಯ ಮೇಲೆ ಹಳ್ಳಿಗಳಲ್ಲಿ ಇರುತ್ತಿದ್ದರು. ಆಡಲು ಜೊತೆ ಸಿಗದೆ ಸಾಹೇಬರು ಒಂದು ಸಂಜೆ ಕಚೇರಿಯ ವರಾಂಡದಲ್ಲಿ ನಿಂತು ನಮ್ಮನ್ನೆಲ್ಲ ಒಮ್ಮೆ ನೋಡಿದರು. ತೆಳ್ಳಗಿದ್ದವನು ನಾನೊಬ್ಬನೇ.

"ಓಡಾಕ ಬರ್ತದೇನು?" ಎಂದು ಕೇಳಿದರು. ಅವರು ಗುಲಬರ್ಗಾ ಕಡೆಯವರು, ಉರ್ದುವಿನ ನಡುವೆ ಕನ್ನಡ ಬರುತ್ತಿತ್ತು.

"ನಡ್ಯಾಕ ಬರ್ತದ್ರಿ," ಎಂದೆ.

"ಸಾಕು. ಐದಕ್ಕ ಬರ್ರಿ."

ಅವರ ಹಳೆಯ ಬ್ಯಾಟನ್ನು ನನಗೆ ಕೊಟ್ಟರು. ಚೆಂಡುಗಳು ಮೂರೇ. ಯುದ್ಧದ ಕಾಲ, ಹೊಸವು ಹೈದರಾಬಾದಿನಲ್ಲೂ ಸಿಗುತ್ತಿರಲಿಲ್ಲ. ಅವುಗಳ ಮೇಲಿನ ಉಣ್ಣೆ ಸವೆದು ಬೋಳಾಗಿತ್ತು. ವಾರಕ್ಕೊಮ್ಮೆ ಅಂಟುವಾಳದ ನೀರಿನಲ್ಲಿ ತೊಳೆದು ಕಿಟಕಿಯಲ್ಲಿ ಒಣಗಿಸುವುದು ನನ್ನ ಪಾಲಿಗೆ ಬಂತು. ಮೊದಲ ನಾಲ್ಕು ದಿನ ನನ್ನ ಬ್ಯಾಟಿಗೆ ಚೆಂಡು ತಾಕಿದ್ದೇ ಕಡಿಮೆ. ಐದನೆಯ ದಿನ ಹೇಗೋ ಒಂದು ಹೊಡೆತ ಗಟ್ಟಿಯಾಗಿ ಕೂತು, ಚೆಂಡು ಅವರ ಎಡಗಡೆಯ ಮೂಲೆಗೆ ಹೋಯಿತು. ಸಾಹೇಬರು ಅದರ ಹಿಂದೆ ಓಡಿ, ವಾಪಸು ಬಂದು ಬಲೆಯ ಕಂಬಕ್ಕೆ ಕೈಯೂರಿ ನಿಂತುಬಿಟ್ಟರು. ಬಹಳ ಹೊತ್ತು ಏದುಸಿರು ಬಿಟ್ಟರು. ನನಗೆ ಒಳಗೊಳಗೆ ಖುಷಿಯಾಗಿತ್ತು.

ಆಟ ಮುಗಿದ ಮೇಲೆ ಕೋರ್ಟಿನ ಮುದುಕ ಚಪರಾಸಿ ನನ್ನನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋದ. ಚೆಂಡು ಹೆಕ್ಕಿ ಕೊಡಲು ಅವನು ದಿನಾಲು ಬರುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ಹೆಚ್ಚು ಅಧಿಕಾರಿಗಳನ್ನು ಕಂಡವನು.

"ಅಹಲ್ಕಾರ್ ಸಾಬ್, ನೀವು ಓದಿದವರು. ನಿಮಗ ನಾ ಏನು ಹೇಳ್ಲಿ. ಸಾಹೇಬರನ್ನ ಯಾರಾರ ಓಡಸ್ತಾರೇನ್ರಿ?"

"ಆಟ ಅಲ್ಲೇನೋ ಅದು?"

"ಆಟ ಅವರದ್ರಿ. ನಿಮ್ದು ನೌಕ್ರಿ. ಚೆಂಡು ಅವರ ಕೈಗೇ ಹೋಗ್ಬೇಕು. ತಾಟಿಗೆ ಅನ್ನ ನೀಡಿದಂಗ ನೀಡ್ರಿ. ಅವರು ಉಣ್ಣಲಿ."

ಅವನು ಹೇಳಿದ್ದು ನನಗೆ ಸರಿ ಎನಿಸಿತು. ಇದರಲ್ಲಿ ಅವಮಾನದ ಮಾತಿರಲಿಲ್ಲ. ಜಿಲ್ಲೆಯ ಎಲ್ಲ ಅಂಗಳಗಳಲ್ಲಿ ನಡೆಯುತ್ತಿದ್ದದ್ದೇ ಹಾಗೆ. ಕೆಳಗಿನವನು ಮೇಲಿನವನಿಗೆ ಚೆಂಡು ನೀಡುತ್ತಿದ್ದ, ಮೇಲಿನವನು ಹೊಡೆಯುತ್ತಿದ್ದ, ಕೊನೆಗೆ ಮೇಲಿನವನು ಗೆಲ್ಲುತ್ತಿದ್ದ. ನಾನು ಯಾವ ಕೆಲಸವನ್ನೂ ಅರ್ಧ ಮಾಡಿದವನಲ್ಲ. ಇದನ್ನೂ ಕ್ರಮವಾಗಿ ಕಲಿಯಲು ನಿಂತೆ.

ಊರ ಹೊರಗೆ ದಂಡು ಇರುತ್ತಿದ್ದ ಹಳೆಯ ಛಾವಣಿ ಇತ್ತು. ಪಲ್ಟನ್ನು ಬಿಟ್ಟುಹೋದ ಮೇಲೆ ಅಲ್ಲಿ ಉಳಿದ ಕಟ್ಟಡಗಳಲ್ಲಿ ಒಂದರ ಗೋಡೆ ಎತ್ತರವಾಗಿ, ನುಣುಪಾಗಿ ನಿಂತಿತ್ತು. ಅದರ ಮೇಲೆ ಸುಣ್ಣದಲ್ಲಿ ಬಲೆಯ ಎತ್ತರಕ್ಕೆ ಒಂದು ಗೆರೆ ಎಳೆದೆ. ಗೆರೆಯ ಮೇಲೆ ತಟ್ಟೆಯಷ್ಟು ಅಗಲದ ಒಂದು ದುಂಡು. ಬೆಳಿಗ್ಗೆ ಆರರಿಂದ ಏಳರವರೆಗೆ ಆ ದುಂಡಿಗೆ ಮುನ್ನೂರು ಸಲ ಚೆಂಡು ತಾಕಬೇಕು. ತಪ್ಪಿದ್ದನ್ನು ಎಣಿಸುವುದಿಲ್ಲ. ಆರು ತಿಂಗಳಲ್ಲಿ ನಾನು ಯಾವ ಕಡೆಯಿಂದ ಓಡಿಬಂದರೂ ಚೆಂಡು ಅದೇ ಜಾಗಕ್ಕೆ ಹೋಗತೊಡಗಿತು. ಸಂಜೆ ಸಾಹೇಬರ ಎದುರು ಆ ದುಂಡು ಅವರ ಬಲಗೈಯಿಂದ ಒಂದು ಮಾರು ದೂರದಲ್ಲಿ, ನಡುಪಟ್ಟಿಯ ಎತ್ತರದಲ್ಲಿ ಇರುತ್ತಿತ್ತು. ಅವರು ಎಲ್ಲಿ ನಿಂತರೂ ದುಂಡು ಅವರ ಜೊತೆಗೆ ಸರಿಯುತ್ತಿತ್ತು.

ಹೀಗೆ ಮೂರು ವರ್ಷ. ಮಳೆ ಬಂದ ಸಂಜೆಗಳನ್ನು ಬಿಟ್ಟರೆ ಒಂದು ದಿನವೂ ತಪ್ಪಲಿಲ್ಲ. ನಾವಿಬ್ಬರೂ ಆಟದ ಹೊರಗೆ ಮಾತಾಡಿದ್ದು ಕಡಿಮೆ. ಅವರು "ಶಾಬಾಸ್" ಅನ್ನುತ್ತಿದ್ದರು, ನಾನು "ಮೆಹೆರ್ಬಾನಿ ಸಾಹೇಬ್" ಅನ್ನುತ್ತಿದ್ದೆ. ಆರಕ್ಕೆ ಮನೆಗೆ ಬಂದಾಗ ಅಂಗಿ ಹಿಂಡುವಷ್ಟು ಒದ್ದೆಯಾಗಿರುತ್ತಿತ್ತು. ಕೀಲಿ ತೆಗೆಯುವಾಗ ಒಳಗಿನ ಕತ್ತಲೆ ಮೊದಲಿನಷ್ಟು ಕಾಣುತ್ತಿರಲಿಲ್ಲ. ಆಟದ ಬಗ್ಗೆ ನನಗೆ ಆಸೆ ಹುಟ್ಟಿದ್ದು ಈ ದಿನಗಳಲ್ಲೇ. ನಿಜವಾಗಿ ಒಬ್ಬನ ಎದುರು ನಿಂತು, ಅಂಕ ಎಣಿಸಿ, ಗೆಲ್ಲಬೇಕು ಎಂಬ ಆಸೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಲು ಯಾರೂ ಇರಲಿಲ್ಲ.

ನಾಲ್ಕನೆಯ ಬೇಸಿಗೆಗೆ ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಬ್ಯಾಟು ನೀವೇ ಇಟ್ಟುಕೊಳ್ಳಿ ಎಂದರು. ಮರುದಿನ ಐದು ಗಂಟೆಗೆ ನಾನು ರೂಢಿಯಂತೆ ಕ್ಲಬ್ಬಿನ ಗೇಟಿಗೆ ಹೋದೆ. ಕಾವಲಿನವನು ಬಾಗಿಲು ತೆಗೆಯಲಿಲ್ಲ. "ಯಾರ ಕೂಡ ಆಡ್ತೀರಿ?" ಎಂದ. ಅಂಗಳ ಅಧಿಕಾರಿಗಳದು, ಅಧಿಕಾರಿ ಕರೆದರೆ ನಾನು ಒಳಗೆ, ಇಲ್ಲದಿದ್ದರೆ ಹೊರಗೆ. ಮೂರು ವರ್ಷ ಬಂದುಹೋದದ್ದಕ್ಕೆ ಎಲ್ಲಿಯೂ ನನ್ನ ಹೆಸರು ಬರೆದಿರಲಿಲ್ಲ. ಮೂರು ವಾರ ಆ ಗೇಟಿನ ಮುಂದಿನ ರಸ್ತೆಯಲ್ಲಿ ನಡೆದೆ. ಒಳಗೆ ಅಂಗಳ ಖಾಲಿ ಇರುತ್ತಿತ್ತು. ಗೆರೆಗಳು ಗಾಳಿಗೆ ಅಳಿಸುತ್ತ ಬಂದವು.

ಕ್ಲಬ್ಬಿನ ಕಾರ್ಯದರ್ಶಿ ಅದೇ ದವಾಖಾನೆಯ ಡಾಕ್ಟರು. ಒಂದು ದಿನ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ನನ್ನನ್ನು ಕರೆದರು. ಸಿಂಧನೂರಿನಲ್ಲಿ ಎರಡು ತಾಲೂಕುಗಳ ನಡುವೆ ಟೆನಿಸ್ ಪಂದ್ಯ ಇಟ್ಟಿದ್ದಾರೆ, ನಮ್ಮ ಕಡೆಯಿಂದ ನಾಲ್ಕು ಮಂದಿ ಹೋಗಬೇಕು, ತಹಸೀಲ್ದಾರರು ದೌರೆಯಿಂದ ಬರುವುದಿಲ್ಲ ಎಂದರು.

"ನೀವು ಬರ್ರಿ. ನಿಮ್ಮ ಕೈ ನಾ ನೋಡೀನಿ. ಒಂದು ಪಂದ್ಯ ಗೆದ್ದ ಬರ್ರಿ, ಕ್ಲಬ್ಬಿನ ಆಟಗಾರರ ರಜಿಸ್ಟರದಾಗ ನಿಮ್ಮ ಹೆಸರು ನಾನ ಬರೀತೀನಿ. ಆಮ್ಯಾಲೆ ಯಾವ ಸಾಹೇಬರೂ ಕರಿಯೂದು ಬ್ಯಾಡ."

"ಸೋತ್ರ?"

"ಸೋತವರನ್ನ ಬರಿಯಾಕ ಉಳಿದವರು ಒಪ್ಪೂದಿಲ್ಲ. ನೀವು ಅಹಲ್ಕಾರ್ರು ನೋಡ್ರಿ. ಗೆದ್ರ ಯಾರೂ ಬಾಯಿ ತೆರಿಯಾಂಗಿಲ್ಲ."

ಅವರು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು. ಒಂದು ಪಂದ್ಯ ಗೆದ್ದರೆ ಸಂಜೆಯ ಆ ಒಂದು ತಾಸು ನನ್ನದೇ ಆಗುತ್ತದೆ. ಬೇರೆ ಏನೂ ನನಗೆ ಬೇಕಿರಲಿಲ್ಲ.

ಪಂದ್ಯದ ಹಿಂದಿನ ದಿನ ಬಸ್ಸು ಹತ್ತಿದೆ. ಪೆಟ್ರೋಲು ಇಲ್ಲದೆ ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದ ಬಸ್ಸು ಏರು ಬಂದಲ್ಲಿ ನಿಲ್ಲುತ್ತಿತ್ತು, ಎಲ್ಲರೂ ಇಳಿದು ನಡೆಯುತ್ತಿದ್ದೆವು. ಮಸ್ಕಿಯಲ್ಲಿ ಇಳಿದು ಅತ್ತೆಯ ಮನೆಯಲ್ಲಿ ಉಳಿದೆ. ಮಗಳಿಗೆ ಆಗ ಎಂಟು. ತಿಂಗಳಿಗೊಮ್ಮೆ ಕಾಣುವ ತಂದೆಯ ಹತ್ತಿರ ಅವಳು ಮೊದಲ ಒಂದು ತಾಸು ಬರುತ್ತಿರಲಿಲ್ಲ. ಅಂದು ಬ್ಯಾಟಿನ ಹುರಿ ನೋಡಿ ಬಂದಳು.

"ಅಪ್ಪಾ, ಇದು ಮೀನ ಹಿಡಿಯೂದೇನು?"

"ಅಲ್ಲವ್ವಾ, ಚೆಂಡ ಹೊಡಿಯೂದು."

"ನಿನ್ನ ಕೂಡ ಯಾರು ಆಡ್ತಾರ?"

"ನಾಳೆ ಒಬ್ಬಾಂವ ಬರ್ತಾನ."

ಅತ್ತೆ ಒಲೆಯ ಮುಂದಿನಿಂದಲೇ ಹೇಳಿದರು. "ಮೂವತ್ತೆಂಟು ಆತ್ರಿ ನಿಮಗ. ಚೆಂಡ ಆಡಾಕ ಸಿಂಧನೂರಿಗೆ ಹೊಂಟೀರಿ. ಇನ್ನೊಂದ ಮದುವಿ ಮಾಡ್ಕೊಳ್ರಿ ಅಂತ ನಾನ ಹೇಳಿದ್ನಿ, ನನ್ನ ಮಗಳ ಜಾಗಾಕ್ಕ. ಅದಕ್ಕ ಒಲ್ಲೆ ಅಂದ್ರಿ. ಇದಕ್ಕ ಹೂಂ ಅಂದೀರಿ."

"ಇದು ಒಂದು ತಾಸಿಂದ್ರಿ ಅತ್ತಿ," ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಂತರ ನನ್ನ ತಾಟಿಗೆ ಕೇಳದೆ ಇನ್ನೊಂದು ರೊಟ್ಟಿ ಹಾಕಿದರು.

ಸಿಂಧನೂರಿನದು ಎರೆಭೂಮಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಕಚೇರಿಯ ಹಿಂದೆ ಬಂಡಿಗಳಲ್ಲಿ ಗರಸು ಮಣ್ಣು ತಂದು ಹಾಕಿ, ನೀರು ಹೊಡೆದು, ಕಲ್ಲಿನ ಗುಂಡು ಎಳೆದು ಅಂಗಳ ಮಾಡಿದ್ದರು. ಸುತ್ತ ಬೆಂಚು, ಕುರ್ಚಿ, ಒಂದು ಶಾಮಿಯಾನ. ನನ್ನ ತಂದೆಯ ಕೈಯಲ್ಲಿ ಕಲಿತ ಇಬ್ಬರು ವ್ಯಾಪಾರಿಗಳು ನನ್ನ ಗುರುತು ಹಿಡಿದು ಬೆಂಚಿನಲ್ಲಿ ಕೂತಿದ್ದರು. ನಾನು ಬಿಳಿ ಪಾಯಜಾಮ, ಅರ್ಧ ತೋಳಿನ ಅಂಗಿ, ಕಿರಮಿಚ್ಚಿನ ಬೂಟು ಹಾಕಿದ್ದೆ.

ನನ್ನ ಎದುರಾಳಿ ಕಾಲುವೆಯ ಸರ್ವೆಗೆ ಬಂದಿದ್ದ ಒಬ್ಬ ಓವರ್ಸಿಯರ್. ತೆಲುಗು ಸೀಮೆಯವನು, ಇಪ್ಪತ್ತೈದು ವರ್ಷ ಇರಬಹುದು. ಅಧಿಕಾರಿಯೂ ಅಲ್ಲ, ನನಗೆ ಮೇಲಿನವನೂ ಅಲ್ಲ. ಮೂರು ಸೆಟ್ಟಿನ ಆಟ. ಎರಡು ಗೆದ್ದವನಿಗೆ ಪಂದ್ಯ. ಮೊದಲ ಹತ್ತು ನಿಮಿಷದಲ್ಲೇ ಅವನ ದೋಷ ನನಗೆ ಕಂಡಿತು. ಬಲಗಡೆ ಬಂದ ಚೆಂಡನ್ನು ಅವನು ಬಂದೂಕಿನಂತೆ ಹೊಡೆಯುತ್ತಿದ್ದ. ಎಡಗಡೆ ಬಂದದ್ದನ್ನು ಹೊಡೆಯಲು ಬರುತ್ತಿರಲಿಲ್ಲ. ಒಂದೆರಡು ಸಲ ಗಾಳಿಗೆ ಚೆಂಡು ಅತ್ತ ಹೋದಾಗ ಅವನು ಅದನ್ನು ಬಲೆಗೇ ಕೊಟ್ಟ. ಅವನ ಎಡಕ್ಕೆ ಹಾಕಬೇಕು. ಇದಕ್ಕಿಂತ ಸುಲಭದ ಲೆಕ್ಕ ಇಲ್ಲ.

ನಾನು ಹಾಕಿದ್ದು ಬಲಕ್ಕೆ. ಪ್ರತಿ ಸಲ ಎಡ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಕೈ ಎತ್ತುತ್ತಿದ್ದೆ. ಕೈ ಕೆಳಗೆ ಬರುವಷ್ಟರಲ್ಲಿ ಚೆಂಡು ಅವನ ಬಲಗೈಯಿಂದ ಒಂದು ಮಾರು ದೂರದಲ್ಲಿ, ನಡುಪಟ್ಟಿಯ ಎತ್ತರದಲ್ಲಿ ಹೋಗಿ ನಿಲ್ಲುತ್ತಿತ್ತು. ಅವನು ಓಡಬೇಕಾಗಿರಲಿಲ್ಲ. ನಾನು ಓಡುತ್ತಿದ್ದೆ. ಮೊದಲ ಸೆಟ್ಟು ಆರು ಎರಡಕ್ಕೆ ಹೋಯಿತು.

ಬೆಂಚಿನಿಂದ ಒಂದು ದನಿ ಬಂತು. "ಲೇ, ಅಹಲ್ಕಾರ್ ಸಾಬ್ ಚೆಂಡು ಕೈಯಾಗ ಕೊಟ್ಟು ಬರಾಕತ್ಯಾರ ನೋಡಲೇ."

"ನಕಲು ಬರೆದು ಕೊಟ್ಟಂಗ," ಎಂದ ಇನ್ನೊಬ್ಬ. ಜನ ನಕ್ಕರು. ನನಗೂ ಅದು ಸರಿಯಾದ ಮಾತೇ ಎನಿಸಿತು.

ಡಾಕ್ಟರು ನೀರಿನ ತಂಬಿಗೆ ಹಿಡಿದು ಬಂದರು. "ಏನ್ ಮಾಡಾಕತ್ತೀರಿ? ಅಂವಾ ನಿಮ್ಮ ಮುನ್ಸೀಫ ಅಲ್ಲ. ಎಡಕ್ಕ ಹಾಕ್ರಿ."

"ಗೊತ್ತೈತ್ರಿ."

"ಗೊತ್ತಿದ್ರ ಹಾಕ್ರಿ ಮತ್ತ."

ಎರಡನೆಯ ಸೆಟ್ಟಿನಲ್ಲಿ ನಾನು ಒಂದು ಉಪಾಯ ಮಾಡಿದೆ. ಎದುರಿನವನನ್ನು ನೋಡುವುದನ್ನೇ ಬಿಟ್ಟೆ. ಅವನು ಕಂಡರೆ ತಾನೇ ನನ್ನ ಕೈ ಅವನಿಗೆ ನೀಡುವುದು. ಅವನ ಎಡಗಡೆಗೆ ಕಾಣುತ್ತಿದ್ದ ಶಾಮಿಯಾನದ ಗೂಟವೊಂದನ್ನು ಗುರಿ ಹಿಡಿದು ಅದಕ್ಕೇ ಹೊಡೆಯತೊಡಗಿದೆ. ಚೆಂಡು ಮೊದಲ ಸಲ ಅವನಿಂದ ದೂರ ಹೋದಾಗ ನನ್ನ ಭುಜಕ್ಕೆ ಒಂದು ವಿಚಿತ್ರ ಹಗುರು ಬಂತು. ಅವನು ಓಡಿದ, ಮುಗ್ಗರಿಸಿದ, ಬಲೆಗೆ ಹೊಡೆದ. ಆ ಸೆಟ್ಟು ಆರು ನಾಲ್ಕಕ್ಕೆ ನನಗೆ ಬಂತು. ಬೆಂಚಿನ ವ್ಯಾಪಾರಿಗಳು "ನಮ್ಮ ಮಾಸ್ತರರ ಮಗ ರೀ" ಎಂದು ಪಕ್ಕದವರಿಗೆ ಹೇಳುವುದು ಕೇಳಿಸಿತು.

ಮೂರನೆಯದರಲ್ಲಿ ಐದು ಮೂರಕ್ಕೆ ನಾನು ಮುಂದಿದ್ದೆ. ಒಂಬತ್ತನೆಯ ಗೇಮಿನಲ್ಲಿ ಇನ್ನೊಂದೇ ಅಂಕ ಬಂದರೆ ಪಂದ್ಯ ನನ್ನದು. ಅವನು ತನ್ನ ಎಡಗಡೆಯ ಗೆರೆಯಾಚೆ ಓಡಿಹೋಗಿ ಹೇಗೋ ಚೆಂಡನ್ನು ಎತ್ತಿ ಹಾಕಿದ. ಅದು ಬಲೆಯ ಈಚೆಗೆ ಮೆಲ್ಲಗೆ, ಎತ್ತರಕ್ಕೆ ಬಂತು. ಅಷ್ಟು ಪುರುಸೊತ್ತು ಕೊಟ್ಟ ಚೆಂಡು ಅಂದು ಮತ್ತೊಂದು ಬಂದಿರಲಿಲ್ಲ. ಅವನ ಕಡೆಯ ಅಂಗಳ ಇಡಿಯಾಗಿ ಖಾಲಿ ಇತ್ತು. ಎಲ್ಲಿ ಬಿಟ್ಟರೂ ಅಂಕ ನನ್ನದೇ. ಆ ಪುರುಸೊತ್ತಿನಲ್ಲಿ ನಾನು ಗೂಟವನ್ನು ಬಿಟ್ಟು ಅವನನ್ನು ನೋಡಿದೆ. ಅವನು ಬಲೆಯ ಕಡೆ ತಿರುಗಿ, ಬಾಯಿ ತೆರೆದು ಉಸಿರು ಬಿಡುತ್ತ ನಿಂತಿದ್ದ. ನನ್ನ ಕೈ ಚೆಂಡನ್ನು ಅವನಿಗೇ ಕೊಟ್ಟಿತು. ಒಂದು ಮಾರು ದೂರ, ನಡುಪಟ್ಟಿಯ ಎತ್ತರ. ಅವನು ಅದನ್ನು ನನ್ನ ಪಕ್ಕದಿಂದ ಹೊಡೆದು ಕಳಿಸಿದ.

ಅದಾದ ಮೇಲೆ ಗೂಟ ನೋಡಿದರೂ ಪ್ರಯೋಜನವಾಗಲಿಲ್ಲ. ಏಳು ಐದಕ್ಕೆ ಸೋತೆ. ಹುಡುಗ ಬಲೆಯ ಹತ್ತಿರ ಬಂದು ಕೈ ಕೊಟ್ಟ. "ಬಾಗಾ ಆಡಿದ್ರಿ. ಆ ಒಂದು ಚೆಂಡು ನನಗ್ಯಾಕೆ ಕೊಟ್ರಿ, ಅರ್ಥ ಆಗಲಿಲ್ಲ," ಎಂದ. ವ್ಯಂಗ್ಯವಿಲ್ಲದೆ ಕೇಳಿದ್ದ. ರೂಢಿ ಎಂದೆ. ಅವನಿಗೆ ತಿಳಿಯಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ.

ವಾಪಸು ಬರುವಾಗ ಮಸ್ಕಿಯಲ್ಲಿ ಬಸ್ಸು ನೀರಿಗೆ ಅರ್ಧ ತಾಸು ನಿಂತಿತು. ನಾನು ಇಳಿಯಲಿಲ್ಲ. ಇಳಿದರೆ ಏನಾಯಿತೆಂದು ಮಗಳಿಗೆ ಹೇಳಬೇಕಾಗಿತ್ತು. ಇಪ್ಪತ್ತು ಹೆಜ್ಜೆ ದೂರದ ಓಣಿಯಲ್ಲಿ ಅವಳು ಇದ್ದಳು. ಈಗ ಬರೆಯುವಾಗ ಆ ಅರ್ಧ ತಾಸು ನನಗೆ ಪಂದ್ಯಕ್ಕಿಂತ ಹೆಚ್ಚು ಚುಚ್ಚುತ್ತದೆ.

ಡಾಕ್ಟರು ಮಾತಿಗೆ ತಪ್ಪಲಿಲ್ಲ, ರಜಿಸ್ಟರಿನಲ್ಲಿ ಬರೆಯಲಿಲ್ಲ. ಆದರೆ ಮರುಕಪಟ್ಟು ಹೇಳಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಹೊಸ ಮುನ್ಸೀಫರು ಬರಾಕತ್ಯಾರ. ಅವರಿಗೂ ಆಟದ ಹುಚ್ಚು ಐತಂತ. ಮೊದಲಿನಂಗ ಅವರ ಕೂಡ ಬರ್ರಿ, ಯಾರು ಬ್ಯಾಡ ಅಂತಾರ."

ಹದಿನೈದು ದಿನದಲ್ಲಿ ಹೊಸ ಸಾಹೇಬರು ಬಂದರು. ನಲವತ್ತರ ಆಸುಪಾಸಿನ, ಸಣ್ಣ ದನಿಯ, ಮರ್ಯಾದಸ್ಥರು. ಮೊದಲ ವಾರವೇ ನನ್ನನ್ನು ಕರೆಸಿದರು. ಗೇಟಿನವನು ಸಲಾಂ ಮಾಡಿ ಬಾಗಿಲು ತೆಗೆದ. ಎರಡು ಸಂಜೆ ನಾನು ಅವರಿಗೆ ಚೆಂಡು ನೀಡಿದೆ. ಅವರು ತೃಪ್ತರಾಗಿ, ನಿಮ್ಮಂಥ ಜೊತೆ ಗುಲಬರ್ಗಾದಲ್ಲೂ ಸಿಕ್ಕಿರಲಿಲ್ಲ ಎಂದು ಉರ್ದುವಿನಲ್ಲಿ ಹೊಗಳಿದರು. ಹೀಗೇ ಮುಂದುವರಿದಿದ್ದರೆ ನನ್ನ ಸಂಜೆಗಳು ಇನ್ನೂ ಮೂರು ವರ್ಷ ತುಂಬಿರುತ್ತಿದ್ದವು. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಮೂರನೆಯ ಸಂಜೆ ಚೆಂಡು ಹೆಕ್ಕುವ ಚಪರಾಸಿಗೆ ಜ್ವರ. ಅಂಗಳದಲ್ಲಿ ನಾವಿಬ್ಬರೇ. ಆಟದ ನಡುವೆ ಸಾಹೇಬರ ಹೊಡೆತವೊಂದು ನನ್ನ ಬಲಗಡೆಗೆ ಹದವಾಗಿ ಬಂತು. ನಾನು ಅವರನ್ನು ಸರಿಯಾಗಿ ನೋಡಿದೆ. ನೋಡುತ್ತಲೇ ಚೆಂಡನ್ನು ಅವರ ಎಡಮೂಲೆಗೆ, ಗೆರೆಯ ಒಳಗೆ ಒಂದು ಗೇಣಿನಲ್ಲಿ ಇಳಿಸಿದೆ. ಅವರು ಎರಡು ಹೆಜ್ಜೆ ಓಡಿ ನಿಂತರು. ಕೈ ತಪ್ಪಿರಬೇಕು ಎಂದುಕೊಂಡರೇನೋ, ನಕ್ಕರು. ಮುಂದಿನದನ್ನೂ ಅಲ್ಲಿಗೇ ಹಾಕಿದೆ. ಅವರು ನಗಲಿಲ್ಲ. ಮೂರನೆಯದಕ್ಕೆ ಅವರು ಮೊದಲೇ ಎಡಕ್ಕೆ ಸರಿದು ಕಾದರು. ನಾನು ಬಲಮೂಲೆಗೆ ಹಾಕಿದೆ.

ನನ್ನ ಕೈ ಅಷ್ಟು ಹೇಳಿದಂತೆ ಕೇಳಿದ್ದು ಅದೊಂದೇ ದಿನ. ಸಿಂಧನೂರಿನಲ್ಲಿ ಬೇಕಾದಾಗ ಅದು ಬರಲಿಲ್ಲ, ಬಂದಾಗ ಎಣಿಸುವವರು ಇರಲಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಆಮೇಲೆ ಡಾಕ್ಟರು ಕೇಳಿದರು. ನನಗೆ ಸಿಟ್ಟಿರಲಿಲ್ಲ, ಸಾಹೇಬರಲ್ಲಿ ತಪ್ಪೂ ಇರಲಿಲ್ಲ. ನನಗೆ ಆಟ ಬರುತ್ತದೋ ಇಲ್ಲವೋ ನೋಡಬೇಕಿತ್ತು. ನೋಡಿದೆ. ಬರುತ್ತಿತ್ತು.

ಮೂರನೆಯ ಚೆಂಡು ಬೇಲಿಯ ತನಕ ಉರುಳಿತ್ತು. ಸಾಹೇಬರು ಒಂದು ಕ್ಷಣ ನನ್ನ ಕಡೆ ನೋಡಿ, ತಾವೇ ನಡೆದುಹೋಗಿ ಅದನ್ನು ಎತ್ತಿಕೊಂಡರು. ನಾನು ಗೆರೆಯ ಹಿಂದೆ ನಿಂತೇ ಇದ್ದೆ. ಓಡಿಹೋಗಿ ತಂದುಕೊಡಬೇಕಾಗಿತ್ತು ಎಂಬುದು ಹೊಳೆಯುವಷ್ಟರಲ್ಲಿ ಅವರು ಚೆಂಡನ್ನು ಜೇಬಿಗೆ ಹಾಕಿಕೊಂಡು, "ಇವತ್ತಿಗೆ ಸಾಕು," ಎಂದು ಮೃದುವಾಗಿ ಹೇಳಿ ಹೊರಟಿದ್ದರು. ಕಚೇರಿಯಲ್ಲಿ ಅವರು ನನ್ನ ಜೊತೆ ಕೊನೆಯವರೆಗೂ ಮರ್ಯಾದೆಯಿಂದಲೇ ನಡೆದುಕೊಂಡರು. ಆಟಕ್ಕೆ ಮತ್ತೆ ಕರೆಯಲಿಲ್ಲ. ನಾನು ಆ ಮೇಲೆ ಯಾರ ಜೊತೆಗೂ ಟೆನಿಸ್ ಆಡಿಲ್ಲ.